ಮಲೆನಾಡು ಎಲ್ಲಿ ಮುಗಿಯುತ್ತೆ?

ಇವತ್ತು ರಾಜಕೀಯ ಇಲ್ಲ. ಅಂದರೆ, ಶುರುವಿನಲ್ಲಿ ಇಲ್ಲ. ಕೊನೆಗೆ ಅಲ್ಲಿಗೇ ಬರುತ್ತೇವೆ, ಅದು ಬೇರೆ ಮಾತು.

ಒಂದು ಸಣ್ಣ ಪ್ರಶ್ನೆ ಇಟ್ಟುಕೊಳ್ಳೋಣ. ಮಲೆನಾಡು ಎಲ್ಲಿ ಮುಗಿಯುತ್ತೆ, ಬಯಲುಸೀಮೆ ಎಲ್ಲಿ ಶುರುವಾಗುತ್ತೆ? ಶಿವಮೊಗ್ಗದವರನ್ನು ಕೇಳಿ, ನಮ್ಮೂರು ಮಲೆನಾಡಿನ ಹೆಬ್ಬಾಗಿಲು ಅಂತ ಎದೆಯುಬ್ಬಿಸಿ ಹೇಳ್ತಾರೆ. ಅದೇ ಮಾತನ್ನು ತೀರ್ಥಹಳ್ಳಿಗೆ ಹೋಗಿ ಹೇಳಿ ನೋಡಿ. ‘ಶಿವಮೊಗ್ಗನಾ? ಅದು ಬಯಲುಸೀಮೆ ಕಣ್ರೀ’ ಅಂತ ನಗ್ತಾರೆ. ಇನ್ನು ಆಗುಂಬೆಯವರ ಮುಂದೆ ತೀರ್ಥಹಳ್ಳಿ ಮಳೆಯ ಬಗ್ಗೆ ಮಾತಾಡೋ ಧೈರ್ಯ ಯಾರಿಗಿದೆ? ಇಬ್ಬರ ನಡುವೆ ಜಗಳ ತೀರದೇ ಹೋದಾಗ ನಾವು ಕನ್ನಡಿಗರು ಒಂದು ಚೆಂದದ ಪದ ಇಟ್ಟುಕೊಂಡಿದ್ದೇವೆ: ಅರೆಮಲೆನಾಡು. ಅತ್ತ ಅದೂ ಅಲ್ಲ, ಇತ್ತ ಇದೂ ಅಲ್ಲ.

ಈಗ ಮ್ಯಾಪ್ ನೋಡಿ. ಆಗುಂಬೆಯಿಂದ ಹೊರಟು ತೀರ್ಥಹಳ್ಳಿ, ಶಿವಮೊಗ್ಗ, ಚಿತ್ರದುರ್ಗ ದಾಟಿ ಚಳ್ಳಕೆರೆಗೆ ಹೋಗೋಣ. ಇನ್ನೂರಿಪ್ಪತ್ತು ಕಿಲೋಮೀಟರ್ ಆಸುಪಾಸು. ಬೆಳಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಮೂವತ್ತು ಚಿಲ್ಲರೆ ಕಿಲೋಮೀಟರ್ ದಾಟಿ ತೀರ್ಥಹಳ್ಳಿಗೆ ಬರುವಷ್ಟರಲ್ಲಿ ಅದು ಅರ್ಧಕ್ಕಿಂತ ಕಡಿಮೆ. ಚಳ್ಳಕೆರೆಯಲ್ಲಿ 500 ಮುಟ್ಟೋದೂ ಕಷ್ಟ. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಢಿಕ್ಕಿ ಹೊಡೆದು ಮೇಲೇರುತ್ತೆ, ತಣ್ಣಗಾಗುತ್ತೆ, ಇದ್ದದ್ದನ್ನೆಲ್ಲ ಅಲ್ಲೇ ಸುರಿದುಬಿಡುತ್ತೆ. ಘಟ್ಟ ಇಳಿದು ಪೂರ್ವಕ್ಕೆ ಹೋಗೋ ಗಾಳಿ ಬರಿಗೈಯಲ್ಲಿ ಹೋಗುತ್ತೆ. ಇದನ್ನೇ ಮಳೆನೆರಳು ಅಂತೀವಿ. ಹೈಸ್ಕೂಲಿನಲ್ಲಿ ಎಲ್ಲರೂ ಓದಿದ್ದೇ, ಅಲ್ಲೇ ನಿಂತುಕೊಳ್ಳೋದು ಬೇಡ.

ನನಗೆ ಬೇಕಾದದ್ದು ಬೇರೆ. ಈ ಇನ್ನೂರಿಪ್ಪತ್ತು ಕಿಲೋಮೀಟರ್ ದಾರಿಯಲ್ಲಿ ಎಲ್ಲೂ ಒಂದು ಗೇಟ್ ಇಲ್ಲ. ಟೋಲ್ ಸಿಗಬಹುದು, ಆದರೆ ‘ಇಲ್ಲಿಗೆ ಮಲೆನಾಡು ಮುಕ್ತಾಯ’ ಅನ್ನೋ ಬೋರ್ಡ್ ಇಲ್ಲ. ಮಳೆ ಇಳಿಜಾರಿನಂತೆ ಇಳಿಯುತ್ತೆ, ಮೆಟ್ಟಿಲಿನಂತೆ ಅಲ್ಲ. ಆದರೆ ಸರ್ಕಾರಕ್ಕೆ ಮೆಟ್ಟಿಲು ಬೇಕು. ವಿಮಾ ಕಂಪನಿಗೆ ಮೆಟ್ಟಿಲು ಬೇಕು. ಯಾವ ಊರಿಗೆ ಯಾವ ಬಿತ್ತನೆ ಬೀಜ ಅಂತ ಹೇಳಬೇಕಾದ ಕೃಷಿ ಇಲಾಖೆಗೂ ಬೇಕು. ಇಳಿಜಾರಿನ ಮೇಲೆ ಯಾರೋ ಒಬ್ಬರು ಗೆರೆ ಎಳೆಯಲೇಬೇಕು. ಆ ಗೆರೆಯ ಈ ಕಡೆ ಒಬ್ಬ ರೈತ, ಆ ಕಡೆ ಒಬ್ಬ ರೈತ. ಇವತ್ತಿನ ಮಾತು ಆ ಗೆರೆಯದ್ದು.

ಗೆರೆ ಎಳೆಯೋ ಚಟ ಮನುಷ್ಯನಿಗೆ ಹಳೆಯದು. ಗ್ರೀಸ್‌ನ ಅರಿಸ್ಟಾಟಲ್ ಭೂಮಿಯನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ನಡುವಿನ ಬಿಸಿ ಪಟ್ಟಿಯಲ್ಲಿ ಮನುಷ್ಯ ಬದುಕೋದಕ್ಕೇ ಆಗಲ್ಲ ಅಂದುಬಿಟ್ಟ. ಆ ಲೆಕ್ಕದಲ್ಲಿ ಬೀದರ್‌ನಿಂದ ಚಾಮರಾಜನಗರದವರೆಗೆ ಒಬ್ಬರೂ ಇರಬಾರದಿತ್ತು. ನಮ್ಮ ಆಯುರ್ವೇದದವರು ಇನ್ನೂ ಜಾಣರು. ಒಣ ನಾಡು ಜಾಂಗಲ, ನೀರಿನ ನಾಡು ಆನೂಪ, ಎರಡರ ನಡುವಿನದ್ದು ಸಾಧಾರಣ ಅಂತ ಮೂರೇ ಭಾಗ ಮಾಡಿದರು. ನೋಡಿ, ಅಲ್ಲೂ ಒಂದು ಅರೆಮಲೆನಾಡು!

ಇವತ್ತು ಜಗತ್ತಿನ ಶಾಲೆಗಳ ಅಟ್ಲಾಸ್‌ನಲ್ಲಿ ಬಣ್ಣ ಬಣ್ಣದ ಹವಾಗುಣ ನಕ್ಷೆ ಇರುತ್ತಲ್ಲ, ಅದರ ಹಿಂದೆ ಇರೋ ಹೆಸರು ವ್ಲಾದಿಮಿರ್ ಕೊಪ್ಪೆನ್. 1846ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವನು, ಬಾಲ್ಯ ಕಳೆದದ್ದು ದಕ್ಷಿಣದ ಕ್ರಿಮಿಯಾದಲ್ಲಿ. ಅಲ್ಲಿಂದ ಉತ್ತರಕ್ಕೆ ಓಡಾಡುವಾಗ ಗಿಡಮರ ಬದಲಾಗೋದನ್ನು ಗಮನಿಸಿದ. ಆಮೇಲೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹವಾಮಾನ ವಿಜ್ಞಾನಿಯಾದ. (ಇವನ ಅಳಿಯ ಯಾರು ಗೊತ್ತಾ? ಭೂಖಂಡಗಳು ಚಲಿಸುತ್ತವೆ ಅಂತ ಹೇಳಿ ಬೈಸಿಕೊಂಡ ಆಲ್ಫ್ರೆಡ್ ವೇಗೆನರ್. ಮಾವ ಭೂಮಿಯ ಮೇಲೆ ಗೆರೆ ಎಳೆದ, ಅಳಿಯ ಭೂಮಿಯನ್ನೇ ಸರಿಸಿದ.)

ಕೊಪ್ಪೆನ್‌ನ ಐಡಿಯಾ ಸರಳ, ಅದಕ್ಕೇ ಗಟ್ಟಿ. ಅವನ ಕಾಲದಲ್ಲಿ ಜಗತ್ತಿನ ಎಷ್ಟು ಕಡೆ ಮಳೆಮಾಪಕ ಇತ್ತು? ತೀರಾ ಕಡಿಮೆ. ಆದರೆ ಗಿಡ ಎಲ್ಲ ಕಡೆ ಇತ್ತು. ಒಂದು ಜಾಗದಲ್ಲಿ ಯಾವ ಗಿಡ ತಾನಾಗಿ ಬೆಳೆದಿದೆಯೋ ಅದು ಆ ಜಾಗದ ನೂರಾರು ವರ್ಷದ ಬಿಸಿಲು ಮಳೆಯ ರಿಪೋರ್ಟ್ ಕಾರ್ಡ್. ಸಸ್ಯಶಾಸ್ತ್ರಜ್ಞ ಅಲ್ಫಾನ್ಸ್ ದ ಕಾಂಡೋಲ್ ಗಿಡಗಳನ್ನು ಐದು ಗುಂಪು ಮಾಡಿದ್ದ. ಕೊಪ್ಪೆನ್ 1900ರಲ್ಲಿ ಅದೇ ಐದನ್ನು ಹಿಡಿದು ಹವಾಗುಣಕ್ಕೆ ಎ, ಬಿ, ಸಿ, ಡಿ, ಇ ಅಂತ ಅಕ್ಷರ ಕೊಟ್ಟ. ಎ ಅಂದರೆ ಉಷ್ಣವಲಯ, ಬಿ ಒಣ ನಾಡು, ಸಿ ಹದವಾದ ಚಳಿ, ಡಿ ಗಡಗಡ ಚಳಿ, ಇ ಹಿಮ. 1918ರಲ್ಲಿ ಒಮ್ಮೆ ತಿದ್ದಿದ, 1936ರಲ್ಲಿ ಇನ್ನೊಮ್ಮೆ. ಆಗ ಅವನಿಗೆ ತೊಂಬತ್ತು. ತೊಂಬತ್ತನೇ ವಯಸ್ಸಿನಲ್ಲೂ ತನ್ನ ಗೆರೆಗಳನ್ನು ತಿದ್ದುತ್ತಾ ಕೂತಿದ್ದ ಮನುಷ್ಯ. ಅವನಾದ ಮೇಲೆ ರುಡಾಲ್ಫ್ ಗೈಗರ್ ಮುಂದುವರಿಸಿದ.

ಗಿಡದ ಭಾಷೆಯನ್ನು ಅಂಕಿಗೆ ಇಳಿಸಿದ್ದು ಹೇಗೆ? ವರ್ಷದ ಅತ್ಯಂತ ಚಳಿ ತಿಂಗಳಲ್ಲೂ ಸರಾಸರಿ ಉಷ್ಣಾಂಶ 18 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಅದು ಎ. ಅತ್ಯಂತ ಬೆಚ್ಚಗಿನ ತಿಂಗಳಲ್ಲೂ 10 ಡಿಗ್ರಿ ದಾಟದಿದ್ದರೆ ಮರ ಬೆಳೆಯೋದು ನಿಲ್ಲುತ್ತೆ, ಅದು ಇ. ಸಿ ಮತ್ತು ಡಿ ನಡುವಿನ ಗೆರೆಗೆ ಅವನು ಮೈನಸ್ 3 ಡಿಗ್ರಿ ಇಟ್ಟ. ಅಮೆರಿಕದ ಎಷ್ಟೋ ಭೂಗೋಳ ತಜ್ಞರು ಅದನ್ನು ಸೊನ್ನೆ ಮಾಡಿಕೊಂಡರು. ಮೂರೇ ಡಿಗ್ರಿ. ಆದರೆ ಎರಡು ನಕ್ಷೆ ಪಕ್ಕಪಕ್ಕ ಇಟ್ಟರೆ ಊರಿಗೆ ಊರೇ ಬಣ್ಣ ಬದಲಾಯಿಸುತ್ತೆ. ಅಲ್ಲಿನ ಜನಕ್ಕೆ ಸ್ವೆಟರ್ ಮಾತ್ರ ಅದೇ.

ನಮಗೆ ಸಂಬಂಧಪಟ್ಟದ್ದು ಬಿ. ಒಣ ನಾಡು. ಇಲ್ಲಿ ಸ್ವಲ್ಪ ಗಮನ ಕೊಡಿ, ನಾನು ಓದಿದ್ದು ಎಂಜಿನಿಯರಿಂಗ್, ಲೆಕ್ಕ ಬಂದರೆ ಬಿಡೋ ಮನಸ್ಸಾಗಲ್ಲ. ಒಂದು ಊರು ಒಣ ನಾಡೋ ಅಲ್ಲವೋ ಅಂತ ಹೇಳೋದಕ್ಕೆ ಮಳೆ ಒಂದೇ ಸಾಲದು. ಬಿಸಿಲು ಎಷ್ಟು ಕುಡಿಯುತ್ತೆ ಅನ್ನೋದೂ ಬೇಕು. ಹಾಗಾಗಿ ಇವತ್ತು ಬಳಕೆಯಲ್ಲಿರೋ ಸೂತ್ರ ಹೀಗಿದೆ. ವರ್ಷದ ಸರಾಸರಿ ಉಷ್ಣಾಂಶವನ್ನು 20ರಿಂದ ಗುಣಿಸಿ. ವರ್ಷದ ಮಳೆಯಲ್ಲಿ ಶೇಕಡ 70 ಅಥವಾ ಹೆಚ್ಚು ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದರೆ ಅದಕ್ಕೆ 280 ಸೇರಿಸಿ. ಶೇಕಡ 30ರಿಂದ 70ರ ನಡುವೆ ಇದ್ದರೆ 140 ಸೇರಿಸಿ. ಅದಕ್ಕೂ ಕಡಿಮೆಯಾದರೆ ಏನೂ ಸೇರಿಸಬೇಡಿ. ಬಂದ ಅಂಕಿಗಿಂತ ನಿಮ್ಮೂರಿನ ಮಳೆ ಕಡಿಮೆ ಇದ್ದರೆ ನೀವು ಒಣ ನಾಡು. ಅದರ ಅರ್ಧಕ್ಕಿಂತಲೂ ಕಡಿಮೆ ಇದ್ದರೆ ಮರುಭೂಮಿ.

ಈಗ ಎರಡು ಊರು ಊಹಿಸಿಕೊಳ್ಳಿ. ಎರಡರಲ್ಲೂ ಸರಾಸರಿ 27 ಡಿಗ್ರಿ, ಎರಡರಲ್ಲೂ ವರ್ಷಕ್ಕೆ 750 ಮಿಲಿಮೀಟರ್ ಮಳೆ. ಮೊದಲನೇ ಊರಲ್ಲಿ ಶೇಕಡ 71 ಮಳೆ ಸೆಪ್ಟೆಂಬರ್ ಮುಗಿಯೋದರೊಳಗೆ ಬರುತ್ತೆ. ಎರಡನೇ ಊರಲ್ಲಿ ಹಿಂಗಾರು ಸ್ವಲ್ಪ ಚೆನ್ನಾಗಿದೆ, ಅಲ್ಲಿ ಸೆಪ್ಟೆಂಬರ್‌ವರೆಗೆ ಶೇಕಡ 69. ಮೊದಲ ಊರಿನ ಮಿತಿ 540ಕ್ಕೆ 280 ಸೇರಿ 820. ಮಳೆ 750. ಅದು ಅರೆಒಣ ನಾಡು. ಎರಡನೆಯದರ ಮಿತಿ 540ಕ್ಕೆ 140 ಸೇರಿ 680. ಮಳೆ 750. ಅದು ಉಷ್ಣವಲಯದ ಸವನ್ನಾ. ಎರಡೇ ಪರ್ಸೆಂಟ್ ವ್ಯತ್ಯಾಸಕ್ಕೆ ಮಿತಿ 140 ಮಿಲಿಮೀಟರ್ ಜಿಗಿಯಿತು! ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಇಫ್-ಎಲ್ಸ್ ಬರೆದಾಗ ಆಗೋದೇ ಇದು. ಪ್ರಕೃತಿಗೆ ಇಫ್-ಎಲ್ಸ್ ಗೊತ್ತಿಲ್ಲ. ಮುಂಗಾರು ಹಿಂಗಾರು ಎರಡನ್ನೂ ನಂಬಿಕೊಂಡ ನಮ್ಮ ಒಳನಾಡಿನಲ್ಲಿ ಈ ಜಿಗಿತ ಪುಸ್ತಕದ ಮಾತಲ್ಲ, ನಕ್ಷೆಯ ಬಣ್ಣವನ್ನೇ ಬದಲಾಯಿಸುವಂಥದ್ದು.

ಹಾಗಂತ ಸೂತ್ರ ಸುಳ್ಳಲ್ಲ. ಬಳ್ಳಾರಿಗೆ ಹಾಕಿ ನೋಡಿ, ಎಡಗಣ್ಣು ಮುಚ್ಚಿಕೊಂಡೇ ಬಿ ಬರುತ್ತೆ. ಅದರ ಜೊತೆಗಿರೋ ಎಸ್ ಅಕ್ಷರ ಸ್ಟೆಪ್ ಅನ್ನೋ ಪದದ್ದು, ಅಂದರೆ ಹುಲ್ಲುಗಾವಲು. ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳನ್ನು ನೋಡಿದವರಿಗೆ ಕೊಪ್ಪೆನ್ ಸರಿಯಾಗೇ ಹೇಳಿದ ಅನ್ನಿಸುತ್ತೆ. ಅಲ್ಲಿ ಕಾಡು ಬೆಳೆಯಲ್ಲ, ಮರುಭೂಮಿಯೂ ಆಗಲ್ಲ, ಹುಲ್ಲು ಬೆಳೆಯುತ್ತೆ. ನಾವು ಮಾತ್ರ ಕಡತದಲ್ಲಿ ಅಂಥ ಜಾಗಕ್ಕೆ ಬಂಜರು ಅಂತ ಬರೀತೀವಿ. ಮಂಗಳೂರಿಗೆ ಬನ್ನಿ: ಎ ಜೊತೆಗೆ ಎಂ, ಮಾನ್ಸೂನ್‌ನ ಎಂ. ಅಲ್ಲಿ ಜನವರಿ ಫೆಬ್ರವರಿಯಲ್ಲಿ ಹನಿ ಮಳೆ ಇಲ್ಲ. ಆದರೂ ಮಳೆಗಾಲದಲ್ಲಿ ನೆಲ ಕುಡಿದ ನೀರು ಎಷ್ಟಿದೆ ಅಂದರೆ ಕಾಡು ಹಸಿರಾಗೇ ಇರುತ್ತೆ. ಅದಕ್ಕೇ ಪ್ರತ್ಯೇಕ ಅಕ್ಷರ.

ಬೆಂಗಳೂರಿನವರಿಗೆ ಒಂದು ಬೇಸರದ ಸುದ್ದಿ ಇದೆ. ಊಟಿಗೆ ಸಿ ಸಿಗುತ್ತೆ. ನಿಮಗಿಲ್ಲ. ನಿಮ್ಮ ಚಳಿಗಾಲದ ತಿಂಗಳ ಸರಾಸರಿಯೂ 18ಕ್ಕಿಂತ ಮೇಲೇ. ಹಾಗಾಗಿ ಕೊಪ್ಪೆನ್ ನಕ್ಷೆಯಲ್ಲಿ ಬೆಂಗಳೂರಿಗೂ ಕೋಲ್ಕತ್ತಾಗೂ ಒಂದೇ ಎರಡು ಅಕ್ಷರ, ಒಂದೇ ಬಣ್ಣ. ಕೋಲ್ಕತ್ತಾದ ಮೇ ತಿಂಗಳಲ್ಲಿ ಒಂದು ದಿನ ಇದ್ದು ಬಂದವರು ಇದನ್ನು ಒಪ್ತಾರಾ? ಒಪ್ಪಲ್ಲ. ಆದರೆ ಇನ್ನೊಂದು ಪುಸ್ತಕ ತೆಗೆಯಿರಿ, ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ. ಅದರಲ್ಲಿ ದೇಶಕ್ಕೆ ಐದು ಹವಾಗುಣ ವಲಯ: ಬಿಸಿ-ಒಣ, ಬೆಚ್ಚಗೆ-ತೇವ, ಮಿಶ್ರ, ಸಮಶೀತೋಷ್ಣ, ಚಳಿ. ಅಲ್ಲಿ ಬೆಂಗಳೂರು ಸಮಶೀತೋಷ್ಣ, ಕೋಲ್ಕತ್ತಾ ಬೆಚ್ಚಗೆ-ತೇವ. ಒಂದರಲ್ಲಿ ಕೂಡಿಸಿದ್ದನ್ನು ಇನ್ನೊಂದು ಬೇರೆ ಮಾಡಿತು. ಯಾವುದು ಸರಿ? ಎರಡೂ ಸರಿ. ಒಂದು ಗಿಡ ಬೆಳೆಸೋಕೆ ಮಾಡಿದ ವಿಂಗಡಣೆ, ಇನ್ನೊಂದು ಮನೆ ಕಟ್ಟೋಕೆ ಮಾಡಿದ್ದು. ಯಾವುದೇ ವಲಯದ ನಕ್ಷೆ ಕೈಗೆ ಬಂದರೂ ಮೊದಲು ಕೇಳಬೇಕಾದ್ದು, ಇದನ್ನು ಯಾವ ಕೆಲಸಕ್ಕೆ ಮಾಡಿದ್ರಪ್ಪಾ ಅಂತ.

ಗೆರೆ ತಪ್ಪಾಗಿ ಓದಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಒಂದು ಕಥೆ ಹೇಳಲೇಬೇಕು. ಜಾನ್ ವೆಸ್ಲಿ ಪೊವೆಲ್. ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡ ಮನುಷ್ಯ. ಒಂಟಿ ಕೈಯಲ್ಲಿ 1869ರಲ್ಲಿ ಕೊಲರಾಡೊ ನದಿಯ ಕಣಿವೆಯಲ್ಲಿ ದೋಣಿಯಲ್ಲಿ ಹೋಗಿ ಬಂದವನು. 1878ರಲ್ಲಿ ಅವನು ಸರ್ಕಾರಕ್ಕೆ ಒಂದು ವರದಿ ಕೊಟ್ಟ. ಅಮೆರಿಕದ ನಡುವೆ ಹೆಚ್ಚು ಕಡಿಮೆ 100ನೇ ರೇಖಾಂಶದ ಹತ್ತಿರ ಒಂದು ಗೆರೆ ಇದೆ, ಅದರ ಪಶ್ಚಿಮಕ್ಕೆ ವರ್ಷಕ್ಕೆ 20 ಇಂಚು ಮಳೆ ಬರಲ್ಲ, ಅಲ್ಲಿ ಬರೀ ಮಳೆ ನಂಬಿ ಬೇಸಾಯ ಆಗಲ್ಲ ಅಂದ. 20 ಇಂಚು ಅಂದರೆ 508 ಮಿಲಿಮೀಟರ್. ಹೆಚ್ಚು ಕಡಿಮೆ ನಮ್ಮ ಬಳ್ಳಾರಿ ಚಳ್ಳಕೆರೆ ಲೆಕ್ಕ.

ಆಗ ಅಲ್ಲಿನ ಕಾನೂನು ಏನಿತ್ತು? 1862ರ ಹೋಮ್‌ಸ್ಟೆಡ್ ಕಾಯ್ದೆ. ಪಶ್ಚಿಮಕ್ಕೆ ಹೋಗಿ, 160 ಎಕರೆ ತಗೊಳ್ಳಿ, ಐದು ವರ್ಷ ಉಳುಮೆ ಮಾಡಿ, ಜಮೀನು ನಿಮ್ಮದು. ಪೊವೆಲ್ ಹೇಳಿದ: ಗೆರೆಯ ಆಚೆ ಈ 160 ಅನ್ನೋ ಅಂಕಿಗೆ ಅರ್ಥವೇ ಇಲ್ಲ. ನೀರಾವರಿ ಇದ್ದರೆ 80 ಎಕರೆ ಸಾಕು, ಒಂದು ಕುಟುಂಬ ಅದಕ್ಕಿಂತ ಹೆಚ್ಚು ನೋಡಿಕೊಳ್ಳೋಕಾಗಲ್ಲ. ನೀರಿಲ್ಲದೆ ದನ ಮೇಯಿಸಿ ಬದುಕಬೇಕಾದರೆ 2560 ಎಕರೆ ಬೇಕು. ಯಾರು ಕೇಳ್ತಾರೆ? ರೈಲ್ವೆ ಕಂಪನಿಗೆ ಜಮೀನು ಮಾರಬೇಕಿತ್ತು, ರಾಜಕಾರಣಿಗೆ ಜನ ಬೇಕಿತ್ತು. ‘ನೇಗಿಲು ಹೋದಲ್ಲಿಗೆ ಮಳೆ ಹಿಂಬಾಲಿಸುತ್ತೆ’ ಅಂತ ಒಂದು ಸಿದ್ಧಾಂತವನ್ನೇ ಹುಟ್ಟುಹಾಕಿದರು! ಉತ್ತರೆ ಉಳುಮೆ ಮಾಡಿದರೆ ಮೋಡ ಬರುತ್ತೆ ಅಂತ. ಕೆಲವು ವರ್ಷ ಚೆನ್ನಾಗಿ ಮಳೆಯೂ ಆಯಿತು, ಸಿದ್ಧಾಂತ ನಿಜ ಅನ್ನಿಸಿತು. ಆಮೇಲೆ ಬರ ಬಂತು. ಜನ ಮನೆ ಬಿಟ್ಟು ಗಾಡಿ ಕಟ್ಟಿಕೊಂಡು ಪೂರ್ವಕ್ಕೆ ವಾಪಸ್ಸು ಹೊರಟರು. 1893ರಲ್ಲಿ ಲಾಸ್ ಏಂಜಲೀಸ್‌ನ ನೀರಾವರಿ ಸಮ್ಮೇಳನದಲ್ಲಿ, ಇರೋ ಜಮೀನಿಗೆಲ್ಲ ಕೊಡುವಷ್ಟು ನೀರೇ ಇಲ್ಲ ಅಂತ ಪೊವೆಲ್ ಹೇಳಿದಾಗ ಸಭೆ ಅವನನ್ನು ಕೂಗಿ ಕೂರಿಸಿತು. ಮರುವರ್ಷ ಭೂವೈಜ್ಞಾನಿಕ ಸರ್ವೇಕ್ಷಣೆಯ ನಿರ್ದೇಶಕ ಹುದ್ದೆ ಬಿಟ್ಟ. 2018ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದೇ ಗೆರೆಯನ್ನು ಮತ್ತೆ ಅಳೆದರು. ಗೆರೆ ಇದೆ. ಆದರೆ ಪೂರ್ವಕ್ಕೆ ಸರಿಯುತ್ತಿದೆ ಅಂದರು.

ಈಗ ಮನೆಗೆ ಬರೋಣ. ಪ್ರತಿ ಜೂನ್‌ನಲ್ಲಿ ನಾವು ಟಿವಿಯವರು ‘ವಾಡಿಕೆ ಮಳೆ’ ಅಂತ ಓದ್ತೀವಿ. ವಾಡಿಕೆಗಿಂತ ಶೇಕಡ 19 ಕಡಿಮೆ ಬಂದರೆ ಹವಾಮಾನ ಇಲಾಖೆಯ ಪಟ್ಟಿಯಲ್ಲಿ ಅದು ಸಾಮಾನ್ಯ. ಶೇಕಡ 20 ಕಡಿಮೆ ಬಂದರೆ ಕೊರತೆ. ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ನಡುವೆ ನಕ್ಷೆ ಹಸಿರಿನಿಂದ ಕೆಂಪಾಗುತ್ತೆ. ಜೋಳದ ಗಿಡಕ್ಕೆ ಏನಾದರೂ ವ್ಯತ್ಯಾಸ ಗೊತ್ತಾಗುತ್ತಾ? ಇನ್ನು ಆ ವಾಡಿಕೆ ಅನ್ನೋದೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ದೇಶದ ಮುಂಗಾರು ಸರಾಸರಿ ಮೊದಲು 88 ಸೆಂಟಿಮೀಟರ್ ಇತ್ತು, 2022ರಲ್ಲಿ ಹೊಸ ಲೆಕ್ಕ ಹಾಕಿ 87 ಮಾಡಿದರು. 1971ರಿಂದ 2020ರವರೆಗಿನ ಸರಾಸರಿ ಅದು. ಅಳೆಯೋ ಕೋಲೇ ಸ್ವಲ್ಪ ಗಿಡ್ಡವಾಯಿತು.

ಮತ್ತೆ ಗೆರೆ ಎಲ್ಲಿ ಬೀಳುತ್ತೆ? ಕೃಷಿ ಹವಾಗುಣದ ಲೆಕ್ಕದಲ್ಲಿ ಕರ್ನಾಟಕಕ್ಕೆ ಹತ್ತು ವಲಯ. ಈಶಾನ್ಯ ಪರಿವರ್ತನಾ ವಲಯದಿಂದ ಕರಾವಳಿವರೆಗೆ. 1979ರಲ್ಲಿ ಶುರುವಾದ ರಾಷ್ಟ್ರೀಯ ಕೃಷಿ ಸಂಶೋಧನಾ ಯೋಜನೆಯಲ್ಲಿ ಮಾಡಿದ್ದು. ಮಳೆ, ಮಣ್ಣು, ಎತ್ತರ, ಬೆಳೆ ಎಲ್ಲ ನೋಡಿ ಮಾಡಿದರು, ಒಳ್ಳೆಯ ಕೆಲಸವೇ. ಆದರೆ ಗೆರೆ ಎಳೆದದ್ದು ತಾಲ್ಲೂಕಿನ ಗಡಿ ಮೇಲೆ. ತಾಲ್ಲೂಕು ಇಡಿಯಾಗಿ ಒಂದೇ ವಲಯ. ತಾಲ್ಲೂಕಿನ ಗಡಿಯನ್ನು ಯಾರು ಮಾಡಿದ್ದು? ಕಂದಾಯ ವಸೂಲಿಗೆ ಅಂತ ಯಾವುದೋ ಕಾಲದ ಅಧಿಕಾರಿಗಳು. ಮೋಡವನ್ನು ಕೇಳಿ ಮಾಡಿದ್ದಲ್ಲ.

ತರೀಕೆರೆಯನ್ನೇ ತಗೊಳ್ಳಿ. ಅಜ್ಜಂಪುರ ಬೇರೆ ತಾಲ್ಲೂಕಾಗೋ ಮೊದಲು ಒಂದೇ ತಾಲ್ಲೂಕಿನ ಒಂದು ತುದಿಯಲ್ಲಿ ಕೆಮ್ಮಣ್ಣುಗುಂಡಿ, ಸಮುದ್ರಮಟ್ಟದಿಂದ 1400 ಮೀಟರ್‌ಗೂ ಮೇಲೆ, ಮಂಜು, ಕಾಫಿ ತೋಟ, ಜಿಗಣೆ. ಇನ್ನೊಂದು ತುದಿಯಲ್ಲಿ ಅಜ್ಜಂಪುರದ ಬಯಲು, ಎರೆಮಣ್ಣು, ಈರುಳ್ಳಿ. ಒಂದೇ ತಹಶೀಲ್ದಾರ್, ಒಂದೇ ಸರಾಸರಿ. ಬೆಟ್ಟದ ಮೇಲೆ ಬಿದ್ದ ಮಳೆ ಬಯಲಿನವನ ಲೆಕ್ಕಕ್ಕೂ ಜಮೆ!

ಇಲ್ಲಿ ರಾಜಕೀಯ ಬಂತು ನೋಡಿ. 2023ರ ಬರ ನೆನಪಿದೆಯಲ್ಲ? ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾಯಿತು. ಆಮೇಲೆ 216. ಆಮೇಲೆ 223. ಒಟ್ಟು 236ರಲ್ಲಿ. ನಡುವಿನ ಆ ವಾರಗಳಲ್ಲಿ ಪಟ್ಟಿಗೆ ಸೇರದ ತಾಲ್ಲೂಕಿನ ಶಾಸಕರು, ರೈತರು ಮನವಿ ಹಿಡಿದು ಓಡಾಡಿದರು. ಅವರ ಹೊಲ ಸೆಪ್ಟೆಂಬರ್‌ನಲ್ಲೇ ಒಣಗಿತ್ತು. ಕೇಂದ್ರದ 2016ರ ಬರ ಕೈಪಿಡಿಯ ಮಾನದಂಡಕ್ಕೆ ತಾಲ್ಲೂಕು ಕೂಡಿಬರೋದು ತಡವಾಯಿತು ಅಷ್ಟೇ. ಆ ಕೈಪಿಡಿಯ ಮಾನದಂಡ ಬದಲಿಸಿ ಅಂತ ರಾಜ್ಯ ಪತ್ರ ಬರೆದದ್ದು, ಪರಿಹಾರದ ಹಣಕ್ಕೆ ಸುಪ್ರೀಂ ಕೋರ್ಟ್‌ಗೆ ಹೋಗಿದ್ದು, ಎಲ್ಲ ಆಯಿತು. ಯಾರ ಪಕ್ಷ ಸರಿ ಅಂತ ಚರ್ಚೆ ಮಾಡಿ ನಾವೂ ಟಿಆರ್‌ಪಿ ತಗೊಂಡೆವು. ಆದರೆ ಬರವನ್ನು ತಾಲ್ಲೂಕಿನ ಲೆಕ್ಕದಲ್ಲಿ ಯಾಕೆ ಅಳೀತೀರಿ ಅನ್ನೋ ಪ್ರಶ್ನೆಗೆ ಆ ಚರ್ಚೆಗಳಲ್ಲಿ ಐದು ನಿಮಿಷವೂ ಸಿಗಲಿಲ್ಲ.

ಇನ್ನೊಂದು ವಿಚಿತ್ರ ಇದೆ. ಕೊಪ್ಪೆನ್ ಗಿಡ ನೋಡಿ ಹವಾಗುಣ ಹೇಳಿದ ಅಂದೆನಲ್ಲ, ಅವನು ಇವತ್ತು ಚನ್ನಗಿರಿಗೆ ಬಂದರೆ ಏನಂತಾನೆ? ಕಣ್ಣು ಹಾಯಿಸಿದಷ್ಟೂ ಅಡಿಕೆ. ಅಲ್ಲಿಂದ ಮುಂದೆ ಚಿತ್ರದುರ್ಗ, ತುಮಕೂರು ಕಡೆಗೂ ಅಡಿಕೆ ನುಗ್ಗಿದೆ. ಓಹೋ, ಇದು ಮಲೆನಾಡು, ಮಳೆ ಜೋರು ಅಂತ ಬರೆದುಕೊಂಡು ಹೋಗ್ತಾನೆ. ಅವನಿಗೆ ಕಾಣದೇ ಇರೋದು ಮಣ್ಣಿನ ಒಳಗಿನ ಬೋರ್‌ವೆಲ್. ಭದ್ರಾ ಕಾಲುವೆ ಇದ್ದ ಕಡೆ ಸರಿ. ಅದೂ ಇಲ್ಲದ ಕಡೆ ನೂರಾರು ಅಡಿ ಕೊರೆದು, ಮಳೆನೆರಳಿನಲ್ಲಿ ನಾವು ಕೃತಕ ಮಲೆನಾಡು ಕಟ್ಟಿದ್ದೇವೆ. ಬೆಲೆ ಇದೆ, ಬೆಳೀತಾರೆ, ರೈತನನ್ನು ಬೈಯೋದು ಸುಲಭ. ರಾಗಿ ಜೋಳಕ್ಕೆ ಅಡಿಕೆಯ ಲಾಭ ಕೊಡದವರು ಅವನಿಗೆ ಉಪದೇಶ ಮಾಡಬಾರದು. ಆದರೆ ಒಂದು ಮಾತ್ರ ನಿಜ. ಮಲೆನಾಡಿನ ಅಡಿಕೆ ಮರಕ್ಕೆ ಬರ ಬಂದರೆ ಒಂದು ವರ್ಷ ಫಸಲು ಕಡಿಮೆ. ಮಳೆನೆರಳಿನ ತೋಟದಲ್ಲಿ ಬೋರ್ ಬತ್ತಿದರೆ ಹತ್ತು ವರ್ಷ ಸಾಕಿದ ಮರವೇ ಹೋಗುತ್ತೆ. ಟ್ಯಾಂಕರ್‌ನಲ್ಲಿ ನೀರು ತಂದು ಅಡಿಕೆ ಉಳಿಸಿಕೊಂಡ ದೃಶ್ಯಗಳನ್ನು ಬೇಸಿಗೆ ಬೇಸಿಗೆ ತೋರಿಸಿದ್ದೇವೆ. ಅದು ಅಮೆರಿಕದ 160 ಎಕರೆಯ ಕಥೆಯೇ, ಪಂಪ್‌ಸೆಟ್ ಸೇರಿಕೊಂಡಿದೆ ಅಷ್ಟೇ.

ಹಾಗಾದರೆ ಮಾಡಬೇಕಾದ್ದೇನು? ಗೆರೆ ಬೇಡ ಅನ್ನೋಕಾಗಲ್ಲ. ಗೆರೆ ಇಲ್ಲದೆ ಪರಿಹಾರವೂ ಇಲ್ಲ, ವಿಮೆಯೂ ಇಲ್ಲ. ಆದರೆ ಸಣ್ಣ ಗೆರೆ ಎಳೆಯೋ ಸಾಮರ್ಥ್ಯ ನಮ್ಮ ರಾಜ್ಯಕ್ಕೆ ಇದೆ, ಅದು ಹೆಮ್ಮೆಯ ವಿಷಯವೇ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಕೂರಿಸಿದೆ, ಅವು ತಾವಾಗೇ ಅಂಕಿ ಕಳಿಸುತ್ತವೆ. ಹವಾಮಾನ ಆಧಾರಿತ ಬೆಳೆ ವಿಮೆ ಆಗಲೇ ಪಂಚಾಯಿತಿಯ ಅಂಕಿಯ ಮೇಲೆ ನಡೀತಿದೆ. ಅಂದರೆ ವಿಮೆಗೆ ಪಂಚಾಯಿತಿ, ಬರಕ್ಕೆ ತಾಲ್ಲೂಕು, ಬೀಜಕ್ಕೆ ನಾಲ್ಕು ದಶಕದ ಹಿಂದಿನ ವಲಯ. ಒಂದೇ ಹೊಲಕ್ಕೆ ಮೂರು ಗೆರೆ. ಇದಕ್ಕೆ ಹೊಸ ಯೋಜನೆ ಬೇಡ, ಹೊಸ ಟೆಂಡರ್ ಬೇಡ. ಇರೋ ಅಂಕಿಯನ್ನು ಕೃಷಿ ವಿಶ್ವವಿದ್ಯಾಲಯಗಳ ಮುಂದೆ ಇಟ್ಟು, ಹತ್ತು ವಲಯಗಳ ಗಡಿಯನ್ನು ಹೋಬಳಿ ಮಟ್ಟದಲ್ಲಿ ಮತ್ತೊಮ್ಮೆ ಎಳೆಯಿರಿ ಅಂತ ಹೇಳಿದರೆ ಸಾಕು. ಕೊಪ್ಪೆನ್ ತೊಂಬತ್ತರಲ್ಲಿ ತಿದ್ದಿದ. ನಮ್ಮ ಕೃಷಿ ಸಚಿವರು ಅಷ್ಟು ಕಾಯಬೇಕಾಗಿಲ್ಲ.

ನಿಮ್ಮ ಪಂಚಾಯಿತಿಯ ಮಳೆ ಅಂಕಿ ಬೇಕಾದರೆ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು. ಕೇಳಿ ಬರೆದಿಟ್ಟುಕೊಳ್ಳಿ. ಪಕ್ಕದ ಪಂಚಾಯಿತಿಯದ್ದೂ ಕೇಳಿ. ಮುಂದಿನ ಸಲ ಬರಪೀಡಿತ ತಾಲ್ಲೂಕಿನ ಪಟ್ಟಿ ಬಂದಾಗ ಆ ಎರಡು ಅಂಕಿ ನಮಗೆ ಕಳಿಸಿ. ಸ್ಕ್ರೀನ್ ಮೇಲೆ ಹಾಕೋ ಜವಾಬ್ದಾರಿ ನಂದು.